ದೇಶಕಾರ್ಯಕ್ಕೆ ಪ್ರಮಾಣವೇನು?

ತನ್ನ ಕೆಲಸವು ಲೋಕಕ್ಕೆ ಬೇಕಾದುದೆಂದು ಎಣಿಸದ ಕಸಬುದಾರನು ವಿರಳನು. ತನ್ನ ಮಡಕೆಯಿಲ್ಲದೆ ಊರಿನಲ್ಲಿ ಅನ್ನ ಬೇಯದೆಂದು ಕುಂಬಾರನಿಗೆ ತೋರುವುದು. ತನ್ನ ಪಾಠವಿಲ್ಲದೆ ಮುಂದಿನ ತಲೆಮಾರಿಗೆ ಗತಿಯಿಲ್ಲವೆಂದು ಉಪಾಧ್ಯಾಯನಿಗೆ ತೋರುವುದು. ಈ ಅಭಿಮಾನವು ದೋಷವಲ್ಲವು. ಆದರೆ ಅದನ್ನೇ ಪರದೇಶದ ಸರ್ಕಾರದ ಮುಂದೆ ಅರ್ಜಿಯ ಮೂಲಕ ಸಾಧಿಸಬೇಕಾಗಿ ಬಂದಾಗ, ಅಭಿಮಾನವು ಬೇರೆ, ಪ್ರಮಾಣವು ಬೇರೆ ಎಂಬುದು ವಿದಿತವಾಗುತ್ತದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಲಿಚ್ಛಿಸುವ ಉನ್ನತ ವಿದ್ಯಾವಂತನಿಗೆ ಅಲ್ಲಿನ ಯಜಮಾನನೊಬ್ಬನು ಉದ್ಯೋಗವನ್ನು ಕೊಡಲೊಪ್ಪಬೇಕು. ಆ ಕೆಲಸಕ್ಕೆ ತಕ್ಕ ಸ್ವದೇಶೀಯನು ದೊರೆಯಲಿಲ್ಲವೆಂದು ಕಾರ್ಮಿಕ ಇಲಾಖೆಯು ದೃಢೀಕರಿಸಬೇಕು. ಇದು ಸಾಮಾನ್ಯ ನಿಯಮ. ರಾಷ್ಟ್ರಹಿತಕ್ಕಾಗಿ ಈ ನಿಯಮವನ್ನು ಸಡಿಲಿಸಬಹುದೆಂದು 1990ನೆಯ ಇಸವಿಯ ಶಾಸನವು ಅಪವಾದವೊಂದನ್ನು ಕಲ್ಪಿಸಿತು. ಆದರೆ ರಾಷ್ಟ್ರಹಿತದ ಲಕ್ಷಣವನ್ನು ಹೇಳಲಿಲ್ಲ. 1998ರಲ್ಲಿ ಒಂದು ತೀರ್ಪು ಅದನ್ನು ವ್ಯಾಖ್ಯಾನಿಸಿತು. 2016ನೆಯ ಡಿಸೆಂಬರಿನಲ್ಲಿ ‘ಧನಸರ್’ ಎಂಬ ಹೆಸರಿನ ತೀರ್ಪು ಅದನ್ನು ರದ್ದುಪಡಿಸಿ ಮೂರು ಅಂಗಗಳುಳ್ಳ ಹೊಸ ಕ್ರಮವನ್ನು ವಿಧಿಸಿತು. ಉದ್ದೇಶಿಸಿದ ಕಾರ್ಯಕ್ಕೆ ಯೋಗ್ಯತೆಯೂ ರಾಷ್ಟ್ರಪ್ರಾಮುಖ್ಯವೂ ಇರಬೇಕು. ಅದನ್ನು ಮುಂದುವರಿಸಲು ಅರ್ಜಿದಾರನು ಸಮರ್ಥನಾಗಿರಬೇಕು. ತೂಗಿ ನೋಡಿದಲ್ಲಿ ನಿಯಮವನ್ನು ಬಿಡುವುದೇ ಆ ದೇಶಕ್ಕೆ ಲಾಭವಾಗಿರಬೇಕು.

ಇವುಗಳಲ್ಲಿ ಅನೇಕರು ಎಡವುವುದು ರಾಷ್ಟ್ರಪ್ರಾಮುಖ್ಯವೆಂಬ ಮೆಟ್ಟಲಿನಲ್ಲಿ. ‘ವೈದ್ಯವಿದ್ಯೆಯು ದೇಶಕ್ಕೆ ಅವಶ್ಯಕ, ನಾನು ವೈದ್ಯನು, ಆದುದರಿಂದ ನನ್ನ ಕಾರ್ಯವು ರಾಷ್ಟ್ರಪ್ರಮುಖವು’ ಎಂದು ಬರೆಯುವರು. ತಾರ್ಕಿಕರು ಇಂಥ ಹೇತುವನ್ನು ಸೋಪಾಧಿಕವೆನ್ನುವರು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯುಂಟೆಂದು ಸಾಧಿಸಲಾಗದು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಸೌದೆಯ ಸಂಬಂಧವೂ ಬೇಕು. ಹಾಗೆಯೇ ವೃತ್ತಿಯು ದೊಡ್ಡದಾದ ಮಾತ್ರಕ್ಕೆ ಸಾಲದು. ಆತನು ಮಾಡಹೊರಟ ಆ ಒಂದು ಕಾರ್ಯದ ಫಲವು ಅವನ ರೋಗಿಗಳನ್ನೂ ಯಜಮಾನನನ್ನೂ ದಾಟಿ ವಿಸ್ತಾರವಾಗಿ ಹರಡತಕ್ಕುದೆಂದು ತೋರಿಸಬೇಕು. ಕೆಲಸಗಾರರ ಕೊರತೆಯಿದೆಯೆಂಬ ವಾದವೊಂದೇ ಸಾಲದು. ಕೊರತೆಯನ್ನು ವಿಚಾರಿಸುವುದಕ್ಕಾಗಿಯೇ ಕಾರ್ಮಿಕ ಇಲಾಖೆಯ ದೃಢೀಕರಣವಿರುವುದು. ಹರಡುವುದೆಂದರೆ ಭೂಪಟದ ಮೇಲಿನ ಹರವೆಂದೂ ತಿಳಿಯಬಾರದು. ಬಡತನದಿಂದ ಕುಗ್ಗಿದ ಒಂದೇ ಪ್ರಾಂತದಲ್ಲಿ ಬಹುಜನರಿಗೆ ಉದ್ಯೋಗವನ್ನು ಕಲ್ಪಿಸುವ ಕಾರ್ಯಕ್ಕೂ ಈ ಪ್ರಾಮುಖ್ಯವು ಸಲ್ಲಬಹುದು.

ಆ ತೀರ್ಪಿನ ಅರ್ಜಿದಾರನು ವಾಯುಯಾನ ಮತ್ತು ಅಂತರಿಕ್ಷಯಾನದ ಎಂಜಿನಿಯರಿಂಗಿನಲ್ಲಿ ಸಂಶೋಧಕನೂ ಬೋಧಕನೂ ಆಗಿದ್ದನು. ಶಬ್ದದ ವೇಗವನ್ನು ಬಹುಮಡಿ ಮೀರಿ ಹಾರುವ ವಾಹನಗಳ ನೋದನಶಕ್ತಿಯನ್ನು ಕುರಿತ ಅವನ ಸಂಶೋಧನೆಗೆ ರಾಷ್ಟ್ರಪ್ರಾಮುಖ್ಯವುಂಟೆಂದು ನಿರ್ಣಯವಾಗಿ ಅರ್ಜಿಯು ಸಿದ್ಧಿಸಿತು. ಬೋಧನೆಯ ವಿಷಯದಲ್ಲಿ ಮಾತ್ರ, ಅದಕ್ಕೆ ಯೋಗ್ಯತೆಯುಂಟೆಂದು ಒಪ್ಪಿದರೂ, ಅದರ ಫಲವು ವಿಜ್ಞಾನಶಿಕ್ಷಣದ ಕ್ಷೇತ್ರವನ್ನು ವಿಸ್ತಾರವಾಗಿ ಮುಟ್ಟುವುದೆಂಬುದು ದಾಖಲೆಗಳಿಂದ ಸಿದ್ಧವಾಗಲಿಲ್ಲವೆಂದರು. ಮನುಷ್ಯನು ಒಬ್ಬನೇ, ವಿದ್ಯೆಯೂ ಒಂದೇ. ಕಾರ್ಯಗಳು ಎರಡು, ನಿರ್ಣಯಗಳೂ ಎರಡು.

ಆದುದರಿಂದ ಅರ್ಜಿಯಲ್ಲಿ ಹೊಗಳಿಕೆಗಿಂತ ವಿವರಣೆಗೆ ಬೆಲೆ ಹೆಚ್ಚು. ವಿದ್ವಾಂಸರ ಪತ್ರಗಳು ಆಪ್ತವಾಕ್ಯದಂತೆ ಮಾನ್ಯವಾದುವು. ಆದರೆ ‘ಈತನು ಮೇಧಾವಿ’ ಎಂದು ನಿಲ್ಲದೆ, ಈ ಕಾರ್ಯದಿಂದ ಯಾರಿಗೆ, ಹೇಗೆ, ಎಷ್ಟರಮಟ್ಟಿಗೆ ಪ್ರಯೋಜನವೆಂಬುದನ್ನು ಅವು ಹೇಳಬೇಕು. ಸಂಶಯಾತೀತವಾದ ಸಿದ್ಧಿಯನ್ನು ಅಧಿಕಾರಿಗಳು ಕೇಳುವುದಿಲ್ಲ. ಇಲ್ಲವೆನ್ನುವುದಕ್ಕಿಂತ ಉಂಟೆನ್ನುವುದೇ ಹೆಚ್ಚು ಸಂಭವವೆಂದು ತೋರಿದರೆ ಸಾಕು.

ಇಷ್ಟೆಲ್ಲ ಸಾಧಿಸಿದ ಮೇಲೂ ನಮ್ಮ ನಾಡಿನಿಂದ ಹೋದವರಿಗೆ ಕಾಯುವ ಕಷ್ಟವು ತಪ್ಪದು. ಯಾವೊಂದು ದೇಶದಲ್ಲಿ ಜನಿಸಿದವರಿಗೂ ವರ್ಷದ ವೀಸಾಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯುಂಟು. ನಿಯಮವು ಸಡಿಲಿದ ಮಾತ್ರಕ್ಕೆ ಭಾರತೀಯರ ನೀಳವಾದ ಸಾಲು ಮೊಟಕಾಗುವುದಿಲ್ಲ. ಮಗನ ಅರ್ಜಿ ಮಂಜೂರಾಯಿತೆಂದು ಸಂತೋಷಪಡುವ ತಾಯಿತಂದೆಗಳು ಇದನ್ನು ಅರಿತಿರುವುದು ಒಳ್ಳೆಯದು.

ಅರ್ಜಿಯು ತಿರಸ್ಕೃತವಾಗಿ ಬಂದ ಮನೆಗಳವರೂ ಒಂದು ಮಾತನ್ನು ಮರೆಯಬಾರದು. ಅಲ್ಲಿ ಪರೀಕ್ಷೆಗೆ ಬಂದುದು ಒಂದು ಕಾರ್ಯವೂ ಅದರ ಪ್ರಮಾಣಗಳೂ, ಮನುಷ್ಯನ ಬೆಲೆಯಲ್ಲ. ಮೂವತ್ತು ಮಕ್ಕಳಿಗೆ ಪ್ರಾಮಾಣಿಕವಾಗಿ ಗಣಿತವನ್ನು ಕಲಿಸುವವನ ಕಾರ್ಯವು ಆ ಅಳತೆಗೆ ನಿಲುಕದೆ ಹೋಗಬಹುದು. ಅದರಿಂದ ಆ ಮೂವತ್ತು ಮಕ್ಕಳಿಗೆ ಏನೂ ಕಡಮೆಯಾಗುವುದಿಲ್ಲ.