ಸುಬೇದಾರರ ಭರ್ಜಿ

ನಮ್ಮ ಕಡೆ ಸೇನೆಯಿಂದ ನಿವೃತ್ತರಾಗಿ ಬಂದವರ ಹೆಸರು ಊರವರ ಬಾಯಲ್ಲಿ ಬೇಗ ಮರೆಯಾಗುತ್ತದೆ, ಹುದ್ದೆ ಉಳಿದುಕೊಳ್ಳುತ್ತದೆ. ಹವಾಲ್ದಾರರ ಮನೆ, ಸುಬೇದಾರರ ತೋಟ, ಕ್ಯಾಪ್ಟನ್ ಸಾಹೇಬರ ಬಾವಿ. ಕೊಡಗಿನಲ್ಲಂತೂ ದಾರಿ ಕೇಳುವಾಗ ಹುದ್ದೆ ಹೇಳಿದರೆ ಮನೆ ಬೇಗ ಸಿಗುತ್ತದೆ. ಅದಕ್ಕೇ ಇರಬೇಕು, ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಎಂಬ ಹೆಸರಿನ ಹಿಂದೆ ಸೇನೆಯವರು ತಪ್ಪದೆ ಸೇರಿಸುತ್ತಿದ್ದ ‘ಸುಬೇದಾರ್’ ಕಣ್ಣಿಗೆ ಬಿದ್ದಾಗಲೆಲ್ಲ ನನಗೊಂದು ಸಲುಗೆ ಹುಟ್ಟುತ್ತಿತ್ತು. ಜಾಹೀರಾತಿನ ಫಲಕದಲ್ಲಿ ನಗುವ ತಾರೆ ಎಲ್ಲೋ ದೂರದವರು. ಸುಬೇದಾರರು ಹಾಗಲ್ಲ, ಪಕ್ಕದ ಬೀದಿಯವರು. ರಜೆಯಲ್ಲಿ ಬಂದಾಗ ಕಟ್ಟೆಯ ಮೇಲೆ ಕೂರುವವರು, ತಿಂಗಳ ಮೊದಲಿಗೆ ಮನೆಗೆ ದುಡ್ಡು ಕಳಿಸುವವರು.

ಈ ದುಡ್ಡು ಕಳಿಸುವ ಸಂಗತಿಯೇ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ಭರ್ಜಿ ಹಿಡಿದ ಸೈನಿಕನೆಂದರೆ ಶೌರ್ಯ, ದೇಶ, ಬಾವುಟ ಎಂದು ನಮ್ಮ ಮಾತು ತಾನಾಗಿ ಹೊರಳಿಬಿಡುತ್ತದೆ. ಅವೆಲ್ಲ ಇರಲಿ. ಸಂಬಳದ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ಲ.

ಹರಿಯಾಣದ ಪಾಣಿಪತ್ ಜಿಲ್ಲೆಯ ಖಂದ್ರಾ ಎಂಬ ಹಳ್ಳಿಯಲ್ಲಿ, ಬೇಸಾಯದ ಕೂಡುಕುಟುಂಬವೊಂದರಲ್ಲಿ 1997ರ ಡಿಸೆಂಬರ್ 24ರಂದು ಹುಟ್ಟಿದ ಹುಡುಗ ನೀರಜ್. ಅಜ್ಜಿಯ ಮುದ್ದಿಗೂ ಮನೆಯ ಹಾಲು ತುಪ್ಪಕ್ಕೂ ಕೊರತೆಯಿರಲಿಲ್ಲ, ವಯಸ್ಸಿಗೆ ಮೀರಿ ದಪ್ಪಗಾದ. ಮೈ ಕರಗಲಿ ಎಂದು ಚಿಕ್ಕಪ್ಪ ಪಾಣಿಪತ್ತಿನ ಜಿಮ್ಮಿಗೆ ಸೇರಿಸಿದರು. ಅಲ್ಲಿನ ಶಿವಾಜಿ ಕ್ರೀಡಾಂಗಣದಲ್ಲಿ ಜೈವೀರ್ ಎಂಬ ಹಿರಿಯ ಹುಡುಗ ಜಾವೆಲಿನ್ ಎಸೆಯುವುದನ್ನು ಕಂಡ, ಕೈಗೆ ತೆಗೆದುಕೊಂಡ, ಮತ್ತೆ ಕೆಳಗಿಡಲಿಲ್ಲ. ಮುಂದೆ ಪಂಚಕುಲದ ತಾವ್ ದೇವಿಲಾಲ್ ಕ್ರೀಡಾಂಗಣ, ಕೋಚ್ ನಸೀಮ್ ಅಹ್ಮದ್, ಜೊತೆಯ ಹುಡುಗರೊಂದಿಗೆ ಕೋಣೆ ಹಿಡಿದು ತಾವೇ ಅಡುಗೆ ಮಾಡಿಕೊಂಡು ಉಣ್ಣುವ ದಿನಗಳು. ಒಳ್ಳೆಯ ವಿದೇಶಿ ಜಾವೆಲಿನ್ ಒಂದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಗೋಧಿ, ಭತ್ತ ಬೆಳೆಯುವ ಸೀಮೆಯಲ್ಲಿ ಅದು ಒಂದು ಬೆಳೆಯ ಲೆಕ್ಕವನ್ನೇ ಏರುಪೇರು ಮಾಡುವ ಮೊತ್ತ.

2016 ಬಂತು. ಫೆಬ್ರವರಿಯಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 82.23 ಮೀಟರ್ ಎಸೆದು ಚಿನ್ನ. ಜುಲೈ 23ರಂದು ಪೋಲೆಂಡಿನ ಬಿಡ್‌ಗೋಶ್ಚ್ ನಗರದಲ್ಲಿ, 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 86.48. ಅದು ಆ ವಯೋಮಾನದ ವಿಶ್ವದಾಖಲೆ. ಬೆನ್ನಿಗಿದ್ದ ಕೋಚ್ ಆಸ್ಟ್ರೇಲಿಯಾದ ಗ್ಯಾರಿ ಕಾಲ್ವರ್ಟ್. ಆದರೆ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಗಡುವು ಜುಲೈ 11ಕ್ಕೇ ಮುಗಿದಿತ್ತು. ಬೇಕಿದ್ದದ್ದು 83 ಮೀಟರ್. ಮರುತಿಂಗಳು ರಿಯೊದಲ್ಲಿ ಕಂಚು ಗೆದ್ದ ಎಸೆತ 85.38. ಹದಿನೆಂಟರ ಹುಡುಗ ಅದನ್ನು ಖಂದ್ರಾದ ಮನೆಯಲ್ಲಿ ಕುಳಿತು ನೋಡಿದನೋ ಶಿಬಿರದಲ್ಲಿ ನೋಡಿದನೋ, ಹೊಟ್ಟೆಯೊಳಗೆ ಆದ ಸಂಕಟ ಒಂದೇ.

ಅದೇ ವರ್ಷ ಸೇನೆ ಕರೆಯಿತು. 4 ರಜಪೂತಾನಾ ರೈಫಲ್ಸ್ ಪಡೆಗೆ, ನೇರವಾಗಿ ನಾಯಬ್ ಸುಬೇದಾರ್ ಹುದ್ದೆಗೆ. ಹೊರಗಿನವರಿಗೆ ಇದರ ತೂಕ ಸುಲಭಕ್ಕೆ ತಿಳಿಯದು. ಸಿಪಾಯಿಯಾಗಿ ಸೇರಿದವನು ನಾಯಕ್, ಹವಾಲ್ದಾರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಅನ್ನಿಸಿಕೊಳ್ಳುವಷ್ಟರಲ್ಲಿ ಸೇವೆಯ ಬಹುಪಾಲು ಸವೆದಿರುತ್ತದೆ, ಕಿವಿಯ ಬಳಿ ಕೂದಲು ನರೆತಿರುತ್ತದೆ. ಆ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡದ್ದು ಇನ್ನೂ ಮೀಸೆ ಬಲಿಯದ ಹುಡುಗ. ಸರ್ಕಾರಿ ನೌಕರಿಯನ್ನೇ ಕಾಣದಿದ್ದ ಮನೆಗೆ ಮೊದಲ ನೌಕರಿ ಬಂದದ್ದು ಹೀಗೆ. ಕರ್ನಾಟಕವಿರಲಿ ಹರಿಯಾಣವಿರಲಿ, ರೈತನ ಮನೆಯಲ್ಲಿ ಈ ಸುದ್ದಿ ಕೇಳಿದಾಗ ಹಿರಿಯರು ಮೊದಲು ಬಿಡುವ ಉಸಿರು ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಮಳೆ ಕೈಕೊಟ್ಟರೂ ತಿಂಗಳ ಮೊದಲ ದಿನ ಕೈಕೊಡುವುದಿಲ್ಲ.

ಎಸೆತವನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲೇ. 2025ರ ಜುಲೈ 5, ಕಂಠೀರವ ಕ್ರೀಡಾಂಗಣ, ನೀರಜ್ ಹೆಸರಿನಲ್ಲೇ ನಡೆದ ಎನ್‌ಸಿ ಕ್ಲಾಸಿಕ್. ಟಿ.ವಿ.ಯಲ್ಲಿ ಭರ್ಜಿ ಹಾರುವುದಷ್ಟೇ ಕಾಣುತ್ತದೆ. ಗ್ಯಾಲರಿಯಲ್ಲಿ ಕೂತವರಿಗೆ ಅದಕ್ಕೂ ಮೊದಲಿನದೆಲ್ಲ ಸಿಗುತ್ತದೆ. ಭರ್ಜಿಯ ತೂಕ 800 ಗ್ರಾಂ, ಉದ್ದ ಎರಡೂವರೆ ಮೀಟರಿಗಿಂತ ತುಸು ಹೆಚ್ಚು. ನಡುವಿನ ನೂಲಿನ ಹಿಡಿಯ ಮೇಲೆ ಬೆರಳು ಕೂರಿಸಿಕೊಂಡು ನೀರಜ್ ಒಂದು ಕ್ಷಣ ಸುಮ್ಮನೆ ನಿಂತರು. ಜನ ಚಪ್ಪಾಳೆಯನ್ನು ತಾಳಕ್ಕೆ ತಂದರು. ಓಟ ಮೊದಲು ಹಗುರ, ಆಮೇಲೆ ಬಿರುಸು. ಕೊನೆಯ ಹೆಜ್ಜೆಗಳಲ್ಲಿ ಮೈ ಅಡ್ಡ ತಿರುಗಿ, ಕಾಲು ಕಾಲನ್ನು ದಾಟಿ, ಭರ್ಜಿಯ ಕೈ ಪೂರ್ತಿ ಹಿಂದೆ ಚಾಚಿಕೊಂಡಿತು. ಆಗ ಎಡಗಾಲು ನೆಲಕ್ಕೆ ಬಡಿದು ಗಟ್ಟಿಯಾಗಿ ನಿಂತುಬಿಟ್ಟಿತು. ಓಡಿಬಂದ ವೇಗವೆಲ್ಲ ಅಲ್ಲಿ ತಡೆದು ಸೊಂಟ, ಎದೆ, ಭುಜ, ಮೊಣಕೈಯ ಮೂಲಕ ಮೇಲೇರಿ, ಚಾಟಿಯ ತುದಿಯಂತೆ ಬೆರಳಲ್ಲಿ ಸಿಡಿಯಿತು. ಎಸೆದವರು ತಮ್ಮ ರಭಸಕ್ಕೆ ತಾವೇ ಮುಗ್ಗರಿಸಿ ಅಂಗೈಯೂರಿ ನೆಲಕ್ಕೆ ಬಿದ್ದರು. ಮುಂದಿನ ಬಿಳಿಗೆರೆಗೆ ಬೆರಳು ತಾಗಿದರೂ ಫೌಲ್. ಗೆರೆಗೂ ಬೆರಳಿಗೂ ನಡುವೆ ಉಳಿದ ಆ ಗೇಣು ಜಾಗವನ್ನು ನೋಡಿ ನನ್ನ ಎದೆ ಡವಗುಟ್ಟಿತು.

ಅಂದು ಅವರ ಮೊದಲ ಎಸೆತ ಫೌಲ್ ಆಯಿತು. ಮೂರನೆಯದು 86.18ಕ್ಕೆ ಹೋಗಿ ಚಿನ್ನ ತಂದಿತು. ಎರಡನೆಯ ಸ್ಥಾನ ಕೆನ್ಯಾದ ಜೂಲಿಯಸ್ ಯೆಗೊ ಅವರಿಗೆ. ಯೂಟ್ಯೂಬ್ ನೋಡಿ ಎಸೆಯುವುದನ್ನು ಕಲಿತು 2015ರಲ್ಲಿ ವಿಶ್ವ ಚಾಂಪಿಯನ್ ಆದ ಈ ಮನುಷ್ಯ ಕೆನ್ಯಾದ ಪೊಲೀಸ್ ಇಲಾಖೆಯವರು. ನೀರಜ್‌ಗೆ ಆಗ ತರಬೇತಿ ಕೊಡುತ್ತಿದ್ದ ಯಾನ್ ಜೆಲೆಜ್ನಿ 1996ರಲ್ಲಿ 98.48 ಮೀಟರ್ ಎಸೆದು ನಿಲ್ಲಿಸಿದ ವಿಶ್ವದಾಖಲೆ ಇವತ್ತಿಗೂ ಅಲುಗಿಲ್ಲ. ಅವರು ಪ್ರಾಗ್ ನಗರದ ದುಕ್ಲಾದಲ್ಲಿ ಬೆಳೆದವರು, ಅದು ಸೇನೆಯ ಕ್ರೀಡಾ ಸಂಸ್ಥೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಯಾಕುಬ್ ವಾದ್ಲೆಯ್ಖ್ ಕೂಡ ದುಕ್ಲಾದವರೇ. ಪಾಕಿಸ್ತಾನದ ಅರ್ಷದ್ ನದೀಮ್‌ಗೆ ನೌಕರಿ ಕೊಟ್ಟದ್ದು ಅಲ್ಲಿನ ನೀರು ಮತ್ತು ವಿದ್ಯುತ್ ಪ್ರಾಧಿಕಾರ. ಆಟಗಾರರ ಹರಾಜಿಲ್ಲದ ಈ ಆಟವನ್ನು ಜಗತ್ತಿನ ಎಷ್ಟೋ ಕಡೆ ಸಾಕುತ್ತಿರುವುದು ಸಂಬಳದ ಚೀಟಿ.

ಸಂಬಳದ ಬೆಲೆ ತಿಳಿಯುವುದು ಗೆದ್ದ ವರ್ಷದಲ್ಲಲ್ಲ. 2017ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ಗೆ ನೀರಜ್ ದೊಡ್ಡ ಹೆಸರು ಹೊತ್ತು ಹೋದರು, ಅರ್ಹತಾ ಸುತ್ತಿನಲ್ಲೇ ಹೊರಬಿದ್ದರು. ಅಂದು ಫೈನಲ್ ತಲುಪಿದ ಭಾರತೀಯ ಸೇನೆಯವರೇ ಆದ ದವಿಂದರ್ ಸಿಂಗ್ ಕಂಗ್, ಅದೂ ನೋಯುವ ಭುಜಕ್ಕೆ ಪಟ್ಟಿ ಸುತ್ತಿಕೊಂಡು. 2018 ಹಸನಾಯಿತು: ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ, ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಬಾವುಟ ಹಿಡಿದ ಗೌರವ, 88.06 ಮೀಟರಿನ ಚಿನ್ನ. ಮರುವರ್ಷ ಮೇ ತಿಂಗಳಲ್ಲಿ ಬಲ ಮೊಣಕೈಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ. ಎಸೆಯುವ ಕೈ. 2019ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಇಲ್ಲ, ದೋಹಾದ ವಿಶ್ವ ಚಾಂಪಿಯನ್‌ಷಿಪ್ ಇಲ್ಲ. ಟೋಕಿಯೊದ ದಿನ ಹತ್ತಿರವಾಗುತ್ತಿದ್ದಾಗ ನೀರಜ್ ಕೈ ಮಡಚಿ ಬಿಡಿಸುವುದನ್ನು ಹೊಸದಾಗಿ ಕಲಿಯುತ್ತಿದ್ದರು.

ಖಾಸಗಿ ಪ್ರಾಯೋಜಕರ ನೆರವಿತ್ತು, ಸರ್ಕಾರದ ಒಲಿಂಪಿಕ್ಸ್ ಯೋಜನೆಯೂ ಇತ್ತು, ಅವುಗಳ ಪಾಲನ್ನು ನಾನು ಕಡಿಮೆ ಮಾಡಲಾರೆ. ಆದರೆ ಕ್ರೀಡಾಪಟುವಿನ ಮನಸ್ಸನ್ನು ರಾತ್ರಿ ಕಾಡುವ ಪ್ರಶ್ನೆ ಬೇರೆ. ಕೈ ಮೊದಲಿನಂತಾಗದಿದ್ದರೆ ಮನೆಯ ಗತಿ ಏನು? ಆ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿದ್ದವರು ನೀರಜ್. ಎಸೆದರೂ ಎಸೆಯದಿದ್ದರೂ ಪಡೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ ಮರಳಿ ಕಣಕ್ಕಿಳಿದು 87.86 ಎಸೆದು ಒಲಿಂಪಿಕ್ಸ್‌ಗೆ ಅರ್ಹರಾದರು. ಕೊರೊನಾ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು, ಮತ್ತೆ ಕಾಯಬೇಕಾಯಿತು.

ಟೋಕಿಯೊದ ಕಥೆ ಎಲ್ಲರಿಗೂ ಬಾಯಿಪಾಠ. 2021ರ ಆಗಸ್ಟ್ 7, ಎರಡನೆಯ ಎಸೆತ, 87.58, ಭರ್ಜಿ ನೆಲ ಮುಟ್ಟುವ ಮೊದಲೇ ಬೆನ್ನು ತಿರುಗಿಸಿ ಮೇಲೆತ್ತಿದ ಕೈ. ಮುಂದಿನ ವರ್ಷ ಅವರಿಗೆ ಪರಮ ವಿಶಿಷ್ಟ ಸೇವಾ ಪದಕ ಬಂತು. ಸಾಮಾನ್ಯವಾಗಿ ಜನರಲ್ ದರ್ಜೆಯ ಹಿರಿಯರ ಎದೆಗೇರುವ ಪದಕ ಸುಬೇದಾರರೊಬ್ಬರಿಗೆ ಸಂದಿತು.

2023ರಲ್ಲಿ ಬುಡಾಪೆಸ್ಟ್‌ನಲ್ಲಿ 88.17 ಎಸೆದು ನೀರಜ್ ವಿಶ್ವ ಚಾಂಪಿಯನ್ ಆದ ರಾತ್ರಿ ನಾನು ಸಂತೋಷಪಟ್ಟದ್ದು ಇನ್ನೊಂದು ಕಾರಣಕ್ಕೆ. ಅದೇ ಫೈನಲ್‌ನಲ್ಲಿ ಒಡಿಶಾದ ಕಿಶೋರ್ ಜೆನಾ ಐದನೆಯವರು, ಬೇಲೂರು ತಾಲ್ಲೂಕಿನ ಡಿ.ಪಿ. ಮನು 84.14 ಎಸೆದು ಆರನೆಯವರು. ಮನು ಕೂಡ ಸೇನೆಯವರು. ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರನ್ನು ತಿದ್ದಿದವರು ನಮ್ಮ ಶಿರಸಿ ಸೀಮೆಯ ಕಾಶೀನಾಥ ನಾಯ್ಕ. ಮಲೆನಾಡಿನ ಅಡಿಕೆ ತೋಟಗಳ ನಾಡಿನಿಂದ ಸೇನೆಗೆ ಹೋದ ಕಾಶೀನಾಥ 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದವರು. ಇಂದು 90ರ ಮಾತಾಡುವವರಿಗೆ 74 ಸಣ್ಣದಾಗಿ ಕಂಡೀತು. ಆದರೆ ದೇಶದಲ್ಲಿ ಈ ಆಟಕ್ಕೆ ದಿಕ್ಕುದೆಸೆ ಇಲ್ಲದಿದ್ದಾಗ ಬಂದ ಪದಕವದು. ನನ್ನ ಲೆಕ್ಕದಲ್ಲಿ ಅದರ ತೂಕ ದೊಡ್ಡದು. ಮನು ಮಾತ್ರ 2024ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿ ನಿಷೇಧಕ್ಕೊಳಗಾದರು. ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು. ಬರೆಯುವಾಗಲೂ ಸಂಕಟವಾಗುತ್ತದೆ.

ಪ್ಯಾರಿಸ್‌ನಲ್ಲಿ ಅರ್ಷದ್ ನದೀಮ್ 92.97 ಎಸೆದು ಚಿನ್ನ ಗೆದ್ದರು. ನೀರಜ್‌ಗೆ 89.45ರ ಬೆಳ್ಳಿ, ಆರರಲ್ಲಿ ಅದೊಂದೇ ಸರಿಯಾದ ಎಸೆತ. ಚಿನ್ನ ಗೆದ್ದ ಹುಡುಗನೂ ನಮ್ಮ ಮಗನೇ ಎಂದು ಖಂದ್ರಾದಲ್ಲಿ ತಾಯಿ ಸರೋಜ್ ದೇವಿ ಹೇಳಿದಾಗ ಎರಡೂ ದೇಶಗಳು ಕಣ್ಣೊರೆಸಿಕೊಂಡವು. ವರ್ಷ ತುಂಬುವ ಮೊದಲೇ, ಬೆಂಗಳೂರಿನ ಕೂಟಕ್ಕೆ ಅರ್ಷದ್‌ಗೆ ಆಹ್ವಾನ ಹೋಗಿತ್ತೆಂಬ ಒಂದೇ ಕಾರಣಕ್ಕೆ, ನೀರಜ್ ಅವರ ದೇಶಪ್ರೇಮವನ್ನೇ ಕೆಲವರು ಪ್ರಶ್ನಿಸಿದರು. ಆಹ್ವಾನ ಹೋದದ್ದು ಪಹಲ್ಗಾಮ್‌ನ ಭಯೋತ್ಪಾದಕ ದಾಳಿಗೆ ಮೊದಲು ಎಂದು ಅವರೇ ವಿವರಿಸಬೇಕಾಯಿತು. ಸಮವಸ್ತ್ರ ತೊಟ್ಟವರು ತಮ್ಮ ನಿಷ್ಠೆಗೆ ಪುರಾವೆ ಒದಗಿಸಬೇಕಾಗಿ ಬಂದದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

2025ರ ಮೇ 16ರಂದು ದೋಹಾದಲ್ಲಿ ನೀರಜ್ ಭರ್ಜಿ ಕೊನೆಗೂ 90 ದಾಟಿತು, 90.23. ಅಂದೂ ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದು ಮುಂದಾದರು. ಸೆಪ್ಟೆಂಬರಿನಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀರಜ್ ಬೆನ್ನುನೋವಿನೊಂದಿಗೆ ಎಸೆದು ಎಂಟನೆಯವರಾದರು, ನಮ್ಮವರೇ ಆದ ಸಚಿನ್ ಯಾದವ್ 86.27 ಎಸೆದು ನಾಲ್ಕನೆಯವರು. ಅಕ್ಟೋಬರ್ 22ರಂದು ದಿಲ್ಲಿಯಲ್ಲಿ ನೀರಜ್ ಹೆಗಲಿಗೆ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಪಟ್ಟಿ ಏರಿತು. ಗೆದ್ದವರಿಗೆ ಪಟ್ಟಿ ಕೊಡುವುದನ್ನು ಯಾರು ಬೇಕಾದರೂ ಮಾಡಿಯಾರು. 2019ರಲ್ಲಿ ಎಸೆಯಲಾರದ ಕೈಗೂ ಸಂಬಳ ನಿಲ್ಲದೆ ಬಂತಲ್ಲ, ಈ ಕಥೆಯಲ್ಲಿ ಸೇನೆ ಮಾಡಿದ ದೊಡ್ಡ ಕೆಲಸ ಅದು ಎಂದು ನಾನು ನಂಬಿದ್ದೇನೆ. ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ಕಡತ ನೋಡಿಕೊಳ್ಳುವವರು ಇದನ್ನು ಓದುತ್ತಿದ್ದರೆ ಒಂದೇ ಬಿನ್ನಹ: ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬಂದ ಹುಡುಗನನ್ನು, ಹುಡುಗಿಯನ್ನು ಅವಸರದಲ್ಲಿ ಮೇಜಿನ ಕೆಲಸಕ್ಕೆ ಹಾಕಬೇಡಿ. ಅವರಿಗೆ ಇನ್ನೊಂದು ವರ್ಷ ಕೊಡಿ.