ನೀರು ಬಂದರೆ ಓಡು, ಗಾಳಿ ಬಂದರೆ ಅಡಗು

ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿ ಇವತ್ತು ಬೆಳಿಗ್ಗೆ ಎಂಟು ಗಂಟೆಗೇ ಪ್ರಯಾಣಿಕರ ವಿಮಾನಗಳನ್ನು ನಿಲ್ಲಿಸಿದ್ದಾರೆ. ಈಗ ಷಿಕಾಗೋದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅಲ್ಲಿ ಒಂದೂವರೆ. 2024ರ ಅಕ್ಟೋಬರ್ 9, ಬುಧವಾರ, ನವರಾತ್ರಿಯ ಏಳನೆಯ ದಿನ. ಡೆವನ್ ಅವೆನ್ಯೂನ ದಿನಸಿ ಅಂಗಡಿಯೊಂದರಲ್ಲಿ ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೇನೆ. ಕಿವಿಗೆ ಒತ್ತಿಕೊಂಡ ಫೋನಿನಲ್ಲಿ ತಂಗಿಯ ದನಿ.

"ಅಕ್ಕಾ, ಪಾರ್ಕು ಮುಚ್ತಾ ಇದಾರೆ. ಎಲ್ಲರೂ ರೂಮಿಗೆ ಹೋಗಿ ಅಂತಿದಾರೆ. ಬಸ್ಸಿಗೆ ಕಾಯ್ತಾ ಇದೀವಿ."

"ಮಾವನ್ನ ಎಲ್ಲಿ ಕೂರಿಸಿದೀಯೇ?"

"ಸೂರಿನ ಕೆಳಗೆ ಬೆಂಚಿದೆ, ಅಲ್ಲೇ. ಮಳೆ ಬಿಟ್ಟುಬಿಟ್ಟು ಬರ್ತಿದೆ. ಅತ್ತೆ ಮಕ್ಕಳ ಕೈ ಹಿಡ್ಕೊಂಡಿದಾರೆ."

ಡಿಸ್ನಿ ವರ್ಲ್ಡ್ ಒಂದು ಗಂಟೆಯಿಂದ ಹಂತಹಂತವಾಗಿ ಬಾಗಿಲು ಹಾಕುತ್ತಿದೆ, ಯೂನಿವರ್ಸಲ್ ಎರಡು ಗಂಟೆಗೆ ಮುಚ್ಚಲಿದೆ. ಮಿಲ್ಟನ್ ಎಂಬ ಚಂಡಮಾರುತ ಇವತ್ತು ರಾತ್ರಿ ಫ್ಲಾರಿಡಾದ ಪಶ್ಚಿಮ ಕರಾವಳಿಗೆ ಅಪ್ಪಳಿಸಿ, ರಾಜ್ಯವನ್ನು ಅಡ್ಡಲಾಗಿ ಸೀಳಿಕೊಂಡು ಬೆಳಗಾಗುವಷ್ಟರಲ್ಲಿ ಅಟ್ಲಾಂಟಿಕ್ ಸೇರಬೇಕು. ಅದರ ದಾರಿಯ ಪಕ್ಕದಲ್ಲೇ ತಂಗಿ, ಅವಳ ಗಂಡ, ಇಬ್ಬರು ಮಕ್ಕಳು, ಶಿವಮೊಗ್ಗದಿಂದ ಬಂದಿರುವ ಅತ್ತೆ ಮಾವ ಇದ್ದಾರೆ.

ಮುಂದಿನ ಸೋಮವಾರ ಕೊಲಂಬಸ್ ದಿನದ ರಜೆ. ಅದಕ್ಕೆ ಮುಂಚಿನ ವಾರವನ್ನೂ ಸೇರಿಸಿಕೊಂಡು, ಊರಿನಿಂದ ಬಂದ ಹಿರಿಯರಿಗೆ ಒಮ್ಮೆ ಡಿಸ್ನಿ ತೋರಿಸಿಬಿಡೋಣ ಎಂದು ಹೊರಟ ಮನೆಗಳು ಈ ಊರಲ್ಲಿ ಒಂದೆರಡಲ್ಲ. ನಮ್ಮವರು ವಿಮಾನ ಹತ್ತಿದ ಶನಿವಾರ ಮಿಲ್ಟನ್‌ಗೆ ಆಗಷ್ಟೇ ಹೆಸರಿಟ್ಟಿದ್ದರು. ಸೋಮವಾರದ ಹೊತ್ತಿಗೆ ಮೆಕ್ಸಿಕೋ ಕೊಲ್ಲಿಯ ಬಿಸಿ ನೀರಿನ ಮೇಲೆ ಅದು ಗಂಟೆಗೆ 180 ಮೈಲಿ ವೇಗದ ಗಾಳಿಯ, ಐದನೇ ಕ್ಯಾಟಗರಿಯ ಚಂಡಮಾರುತವಾಗಿ ಬೆಳೆದಿತ್ತು. ಆಗಿನ ಅಂದಾಜಿನಲ್ಲಿ ಒತ್ತಡ 897 ಮಿಲಿಬಾರಿಗೆ ಕುಸಿದಿತ್ತು. ಅಟ್ಲಾಂಟಿಕ್ ವಲಯದಲ್ಲಿ ಅಷ್ಟು ಕಡಿಮೆ ಒತ್ತಡ ದಾಖಲಾದದ್ದು ಬೆರಳೆಣಿಕೆಯ ಸಲ.

ಸಾಲು ಮುಂದೆ ಸರಿಯುತ್ತದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಮನೆ ಸಂದೇಶಗಳು. ಬೆಂಗಳೂರಿನ ಚಿಕ್ಕಪ್ಪ, ಶಿವಮೊಗ್ಗದ ನಾದಿನಿ, ಡೆಟ್ರಾಯಿಟ್‌ನ ಸೋದರಮಾವ, ಎಲ್ಲರದೂ ಒಂದೇ ಮಾತು: ಕಾರು ಮಾಡಿಕೊಂಡು ಹೊರಟುಬಿಡಿ. ಊರಿನಲ್ಲಿ ಆಗಲೇ ರಾತ್ರಿ ಹನ್ನೊಂದು, ಯಾರೂ ಮಲಗಿಲ್ಲ. ಟಿವಿಯಲ್ಲಿ ಕೆಂಪು ಬಣ್ಣದಲ್ಲಿ ತಿರುಗುವ ಉಪಗ್ರಹ ಚಿತ್ರ ನೋಡಿದವರಿಗೆ ಓಡಿಹೋಗಿ ಎನ್ನದೆ ಬೇರೇನೂ ತೋಚುವುದಿಲ್ಲ.

ಸಾಲಿನಲ್ಲಿ ನನ್ನ ಹಿಂದೆ ನಿಂತ ಹಿರಿಯರೊಬ್ಬರು ಮಾತು ಕೇಳಿಸಿಕೊಂಡು ಮೆಲ್ಲಗೆ ವಿಚಾರಿಸುತ್ತಾರೆ. "ಒರ್ಲ್ಯಾಂಡೊನಾ ಅಮ್ಮಾ? ಸಮುದ್ರದ ದಂಡೆ ಅಲ್ಲವಲ್ಲ? ಹಾಗಾದರೆ ಅಲ್ಲೇ ಇರಲಿ ಬಿಡಿ." 2004ರಲ್ಲಿ ಅಮೆರಿಕದ ಕನ್ನಡಿಗರ 'ಅಕ್ಕ' ಸಮ್ಮೇಳನ ಒರ್ಲ್ಯಾಂಡೊದಲ್ಲಿದ್ದದ್ದನ್ನು ಅವರು ನೆನೆಯುತ್ತಾರೆ. ಆ ವರ್ಷ ಆಗಸ್ಟ್ 13ಕ್ಕೆ ಚಾರ್ಲಿ, ಸೆಪ್ಟೆಂಬರಿನ ಲೇಬರ್ ಡೇ ರಜೆಗೆ ಸರಿಯಾಗಿ ಫ್ರಾನ್ಸಿಸ್, ಅದೇ ತಿಂಗಳ ಕೊನೆಗೆ ಜೀನ್. ಏಳು ವಾರ ತುಂಬುವುದರೊಳಗೆ ಮೂರು ಚಂಡಮಾರುತಗಳು ಮಧ್ಯ ಫ್ಲಾರಿಡಾವನ್ನು ತುಳಿದು ಹೋದವು, ಮೂರು ಸಲವೂ ಥೀಮ್ ಪಾರ್ಕುಗಳು ಮುಚ್ಚಿದವು. "ಅಲ್ಲಿಯ ಜನ ಒಂದು ಮಾತು ಹೇಳ್ತಾರೆ. ನೀರು ಬಂದರೆ ಓಡು, ಗಾಳಿ ಬಂದರೆ ಅಡಗು. ನಿಮ್ಮ ತಂಗಿಗೆ ಬರೋದು ಗಾಳಿ."

ಆ ಮಾತಿನಲ್ಲಿ ಫ್ಲಾರಿಡಾದ ಇಡೀ ವ್ಯವಸ್ಥೆ ಅಡಗಿದೆ. ಚಂಡಮಾರುತದಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ನೀರು. ಗಾಳಿ ಸಮುದ್ರವನ್ನು ದಡದ ಮೇಲಕ್ಕೆ ನೂಕಿದಾಗ ಆಳೆತ್ತರದ ನೀರು ಬೀದಿಗೆ ನುಗ್ಗುತ್ತದೆ. ಅದಕ್ಕೇ ಕರಾವಳಿಯ ಕೌಂಟಿಗಳು ಎ, ಬಿ, ಸಿ ಎಂದು ವಲಯ ಗುರುತಿಸಿ, ಯಾವ ವಲಯ ಯಾವಾಗ ತೆರವಾಗಬೇಕೆಂದು ಆಜ್ಞೆ ಹೊರಡಿಸುತ್ತವೆ. ಒಳನಾಡಿನ ಒರ್ಲ್ಯಾಂಡೊಗೆ ಸಮುದ್ರ ಬರುವುದಿಲ್ಲ. 1992ರ ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ನೆಲಸಮ ಮಾಡಿದ ಮೇಲೆ ಕಟ್ಟಡದ ನಿಯಮಗಳು ಬಿಗಿಯಾದವು. 2002ರಿಂದ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ. ಅಂಥ ಗಟ್ಟಿ ಕಟ್ಟಡದೊಳಗೆ ಕೂತವರಿಗಿಂತ ಹೆದ್ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಅಪಾಯ ಹೆಚ್ಚು. ಡಿಸ್ನಿಯವರು ಇವತ್ತು ಬೆಳಿಗ್ಗೆ ಫೋರ್ಟ್ ವಿಲ್ಡರ್‌ನೆಸ್‌ನ ಡೇರೆ ತಾಣ, ಕ್ಯಾಬಿನ್ನುಗಳನ್ನು ಮುಚ್ಚಿದ್ದು, ದೊಡ್ಡ ಹೋಟೆಲುಗಳನ್ನು ತೆರೆದೇ ಇಟ್ಟಿದ್ದು ಈ ಲೆಕ್ಕದ ಮೇಲೆಯೇ.

ಹೆದ್ದಾರಿಯ ಸ್ಥಿತಿಯಾದರೂ ಹೇಗಿದೆ? ಟ್ಯಾಂಪಾ ಕಡೆಯಿಂದ ಮೂರು ದಿನಗಳಿಂದ ಜನ ಹೊರಡುತ್ತಲೇ ಇದ್ದಾರೆ. ಎರಡು ವಾರದ ಹಿಂದೆ ಹೆಲೀನ್ ಚಂಡಮಾರುತ ನುಗ್ಗಿಸಿದ ನೀರಿಗೆ ಹಾಳಾದ ಸೋಫಾ, ಹಾಸಿಗೆಗಳು ಅಲ್ಲಿನ ಮನೆಗಳ ಮುಂದೆ ಇನ್ನೂ ರಾಶಿ ಬಿದ್ದಿವೆ. ತೆರವು ವಲಯದಲ್ಲೇ ಉಳಿದರೆ ಸಾಯುತ್ತೀರಿ ಎಂದು ಟ್ಯಾಂಪಾದ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ನೇರವಾಗಿಯೇ ಹೇಳಿದ್ದಾರೆ. ಟೋಲ್ ರದ್ದಾಗಿದೆ, ಒರ್ಲ್ಯಾಂಡೊ ಕಡೆಗೆ ಬರುವ ಐ-4 ಹೆದ್ದಾರಿಯಲ್ಲಿ ರಸ್ತೆಯ ಅಂಚಿನ ಮೇಲೂ ಕಾರು ಓಡಿಸಲು ಬಿಟ್ಟಿದ್ದಾರೆ. ಬಂಕುಗಳಲ್ಲಿ ಪೆಟ್ರೋಲ್ ಖಾಲಿ. ಆ ರಸ್ತೆ, ಆ ಪೆಟ್ರೋಲು ಸಮುದ್ರದ ಬಾಯಿಂದ ತಪ್ಪಿಸಿಕೊಂಡು ಬರುವವರಿಗೆ ಸಲ್ಲಬೇಕು. ಅವರೂ ಬಂದು ಇಳಿಯುವುದು ಒರ್ಲ್ಯಾಂಡೊದ ಹೋಟೆಲುಗಳಲ್ಲೇ. ಷಿಕಾಗೋವರೆಗೆ ಹದಿನೇಳು ಹದಿನೆಂಟು ಗಂಟೆ ಕಾರು ಓಡಿಸುತ್ತೇವೆಂದು ನಮ್ಮವರೂ ಅದೇ ರಸ್ತೆಗಿಳಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಗುಂಪಿನಲ್ಲಿ ಇಷ್ಟನ್ನೂ ಬರೆದು ಹಾಕುತ್ತೇನೆ. ಬೆಂಗಳೂರಿನ ಚಿಕ್ಕಪ್ಪನಿಗೆ ಒಪ್ಪಿಗೆಯಿಲ್ಲ. ಆದರೂ ಸಂದೇಶಗಳ ಭರ ಕಡಿಮೆಯಾಗುತ್ತದೆ.

ಅಂಗಡಿಯಿಂದ ಹೊರಬಂದರೆ ಹಿತವಾದ ಬಿಸಿಲು. 155ನೇ ನಂಬರಿನ ಬಸ್ಸು ಲೊಯೊಲಾ ಕಡೆಗೆ ಹೋಗುತ್ತಿದೆ. ಗಾಂಧಿ ಮಾರ್ಗ್ ಎಂಬ ಕಂದು ಫಲಕದ ಕೆಳಗೆ ಜನ ನಿಂತು ಹರಟುತ್ತಿದ್ದಾರೆ, ಬಟ್ಟೆಯಂಗಡಿಯ ಗಾಜಿನ ಹಿಂದೆ ಗರ್ಬಾದ ಲಂಗಗಳು. ಚಹಾ ಕುಡಿಯಲು ಹೊಕ್ಕ ಮಿಠಾಯಿ ಅಂಗಡಿಯ ಟಿವಿಯಲ್ಲಿ ರತನ್ ಟಾಟಾ ತೀರಿಕೊಂಡ ಸುದ್ದಿ ಈಗಷ್ಟೇ ಬಂದಿದೆ. ಕೆಲಸದ ಹುಡುಗರು ತಟ್ಟೆ ಕೈಯಲ್ಲಿ ಹಿಡಿದೇ ನೋಡುತ್ತಿದ್ದಾರೆ.

ಮತ್ತೆ ತಂಗಿ, ಈ ಸಲ ವಿಡಿಯೋ. ರೂಮು ಸೇರಿದ್ದಾರೆ. ಕ್ಯಾಮೆರಾ ತಿರುಗಿಸಿ ತೋರಿಸುತ್ತಾಳೆ. ಬಾಲ್ಕನಿಯ ಕುರ್ಚಿಗಳು ಮಂಚದ ಪಕ್ಕಕ್ಕೆ ಬಂದಿವೆ. ಸ್ನಾನದ ಟಬ್ಬಿನಲ್ಲಿ ಅಂಚಿನವರೆಗೆ ನೀರು. ನಲ್ಲಿ ನಿಂತರೆ ಕಕ್ಕಸಿಗೆ ಬೇಕಲ್ಲ. ಹೋಟೆಲಿನ ಐಸ್ ಬಕೆಟ್ಟಿನಲ್ಲಿ ಮಾವನ ಇನ್ಸುಲಿನ್. ಐಸಿಗೆ ನೇರವಾಗಿ ತಗಲಿ ಹೆಪ್ಪುಗಟ್ಟಿ ಕೆಡಬಾರದೆಂದು ಅತ್ತೆ ಅದನ್ನು ಕೈವಸ್ತ್ರದಲ್ಲಿ ಸುತ್ತಿ, ಜಿಪ್‌ಲಾಕ್ ಕವರಿಗೆ ಹಾಕಿ, ಮೇಲೆ ಇನ್ನೊಂದು ಟವಲು ಹೊದಿಸಿದ್ದಾರೆ. ಇನ್ನೊಂದು ಜಿಪ್‌ಲಾಕಿನಲ್ಲಿ ಎಲ್ಲರ ಪಾಸ್‌ಪೋರ್ಟು, ಮಾವನ ಔಷಧಿ ಚೀಟಿ.

"ಊಟಕ್ಕೇನಮ್ಮಾ?" ಎಂದು ಅತ್ತೆಯನ್ನು ಕೇಳುತ್ತೇನೆ.

"ಡಬ್ಬಿ ಊಟ ಮಾರ್ತಿದ್ರು, ಸಾಲು ನೋಡಿದ್ರೆ ಸಾಕಾಯ್ತು. ಅವಲಕ್ಕಿ ಇದೆ, ಮೊಸರು ಸಿಕ್ತು, ಚಟ್ನಿಪುಡಿ ನಾನೇ ತಂದಿದ್ದೆ. ಕರೆಂಟ್ ಹೋದ್ರೂ ನಮಗೇನೂ ತೊಂದರೆ ಇಲ್ಲ ಕಣಮ್ಮಾ." ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಸಂಸಾರ ಮಾಡಿದವರು ಅವರು. ಆ ರೂಮಿನಲ್ಲಿ ಅತಿ ಕಡಿಮೆ ಗಾಬರಿಯಾದವರೂ ಅವರೇ.

ಮಾತಿನ ನಡುವೆ ಅಲ್ಲಿನ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತವೆ: ಸುಂಟರಗಾಳಿಯ ಎಚ್ಚರಿಕೆ. ಚಂಡಮಾರುತದ ಕಣ್ಣು ಇನ್ನೂ ಸಮುದ್ರದ ಮೇಲಿರುವಾಗಲೇ ಅದರ ಹೊರ ಅಂಚಿನ ಮೋಡಗಳು ಸುಂಟರಗಾಳಿಗಳನ್ನು ಹೆರುತ್ತಿವೆ. ಇವತ್ತೊಂದೇ ದಿನ ಫ್ಲಾರಿಡಾದಲ್ಲಿ ಇಂಥ ನೂರಕ್ಕೂ ಹೆಚ್ಚು ಎಚ್ಚರಿಕೆಗಳು. ಕಿಟಕಿಯಿಲ್ಲದ ಜಾಗ ಎಂದರೆ ಬಚ್ಚಲುಮನೆ. ಆರೂ ಜನ ಅಲ್ಲಿ ಸೇರುತ್ತಾರೆ. ಟಬ್ಬಿನ ಅಂಚಿಗೆ ದಿಂಬು ಹಾಕಿ ಮಾವನನ್ನು ಕೂರಿಸುತ್ತಾರೆ, ಮಕ್ಕಳ ತಲೆಯ ಮೇಲೂ ದಿಂಬು. ಫೋನು ಕಟ್ಟಾಗುತ್ತದೆ. ನನ್ನ ಚಹಾ ಆರುತ್ತದೆ. ಸ್ವಲ್ಪ ಹೊತ್ತಿಗೆ ಸಂದೇಶ ಬರುತ್ತದೆ: ಎಚ್ಚರಿಕೆ ತೆಗೆದರು, ಎಲ್ಲ ಸರಿ. ಅದೇ ಮಧ್ಯಾಹ್ನ ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಹಿರಿಯರೇ ಹೆಚ್ಚಾಗಿ ವಾಸಿಸುವ ಬಡಾವಣೆಯೊಂದಕ್ಕೆ ಸುಂಟರಗಾಳಿ ಹೊಕ್ಕು ಆರು ಜನ ಸತ್ತರು. ಮಿಲ್ಟನ್ ದಡ ಮುಟ್ಟುವುದಕ್ಕೆ ಇನ್ನೂ ಕೆಲವು ಗಂಟೆಗಳಿದ್ದವು.

ಸಂಜೆ ಮನೆಯಲ್ಲಿ ದೀಪ ಹಚ್ಚಿ ಕೂರುತ್ತೇನೆ. ನಮ್ಮ ಏಳೂವರೆ, ಅವರ ಎಂಟೂವರೆಗೆ ಸರಸೋಟಾ ಹತ್ತಿರದ ಸಿಯೆಸ್ಟಾ ಕೀ ಎಂಬಲ್ಲಿ ಮಿಲ್ಟನ್ ದಡ ಸೇರುತ್ತದೆ. ಬಲ ಕುಗ್ಗಿ ಮೂರನೇ ಕ್ಯಾಟಗರಿಗೆ ಇಳಿದಿದೆ. ಕಣ್ಣು ಟ್ಯಾಂಪಾದ ದಕ್ಷಿಣಕ್ಕೆ ಸರಿದದ್ದರಿಂದ ಟ್ಯಾಂಪಾ ಕೊಲ್ಲಿಗೆ ನುಗ್ಗಬೇಕಿದ್ದ ನೀರನ್ನು ಗಾಳಿ ಹೊರಕ್ಕೇ ಎಳೆದಿದೆ. ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ ಸುರಿಯುತ್ತದೆ, ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣದ ಚಾವಣಿ ಚಿಂದಿಯಾಗುತ್ತದೆ.

ಮಧ್ಯರಾತ್ರಿಯ ಹೊತ್ತಿಗೆ ತಂಗಿ ಪಿಸುದನಿಯಲ್ಲಿ ಫೋನು ಮಾಡುತ್ತಾಳೆ. ಗಾಳಿ ಬಾಗಿಲ ಸಂದಿಯಲ್ಲಿ ಸೀಟಿ ಹೊಡೆಯುವುದು ನನಗೂ ಕೇಳಿಸುತ್ತದೆ. ದೀಪ ಎರಡು ಸಲ ಹೋಗಿ ಬಂತಂತೆ. ಮಕ್ಕಳು ಮಲಗಿದ್ದಾರೆ, ಮಾವ ಕೂತೇ ಇದ್ದಾರೆ. "ಕಾರಿಡಾರಿನಲ್ಲಿ ಒಬ್ಬ ಹೆಂಗಸು ಆಗಿಂದ ಟಾರ್ಚ್ ಹಿಡಿದು ಓಡಾಡ್ತಿದಾರೆ ಅಕ್ಕಾ. ಹೋಟೆಲಿನವರು. ಮಾವನಿಗೆ ಇನ್ನೊಂದು ಬಕೆಟ್ ಐಸ್ ತಂದುಕೊಟ್ರು. ಅವರ ಮನೆ ಕಿಸ್ಸಿಮ್ಮಿಯಲ್ಲಂತೆ, ಮಕ್ಕಳನ್ನ ತಾಯಿ ಹತ್ರ ಬಿಟ್ಟು ಬಂದಿದಾರಂತೆ."

ಈ ರಾತ್ರಿಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಆ ಹೆಣ್ಣುಮಗಳ ಮೇಲೆ. ಚಂಡಮಾರುತ ಬರುವಾಗ ದೊಡ್ಡ ರೆಸಾರ್ಟುಗಳಲ್ಲಿ ಒಂದು ತಂಡ ಮನೆಗೆ ಹೋಗದೆ ಅಲ್ಲೇ ಉಳಿಯುತ್ತದೆ. ರಾತ್ರಿಯೆಲ್ಲ ಅಡುಗೆ, ಜನರೇಟರ್, ಸೋರುವ ಚಾವಣಿ, ಹೆದರಿದ ಅತಿಥಿಗಳು ಎಲ್ಲವನ್ನೂ ನೋಡಿಕೊಳ್ಳುವವರು ಅವರು. ರಜೆಗೆ ಬಂದವರಿಗೆ ಆ ಊರಿನಲ್ಲಿ ನೆರೆಯವರಿಲ್ಲ, ಅಡುಗೆಮನೆಯಿಲ್ಲ, ಎಷ್ಟೋ ಸಲ ಸ್ವಂತ ವಾಹನವೂ ಇಲ್ಲ. ಆ ರಾತ್ರಿಯ ಮಟ್ಟಿಗೆ ಅವರ ನೆರೆಹೊರೆ ಈ ಕೆಲಸಗಾರರೇ. ಅವರ ಸ್ವಂತ ಮನೆಯ ಮೇಲೂ ಅದೇ ಗಾಳಿ ಬೀಸುತ್ತಿರುತ್ತದೆ.

ಗುರುವಾರ ಬೆಳಗಾಗುವಷ್ಟರಲ್ಲಿ ಮಿಲ್ಟನ್ ಕೇಪ್ ಕೆನವೆರಲ್ ಬಳಿ ಸಮುದ್ರ ಸೇರಿದೆ. ಫ್ಲಾರಿಡಾದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟಿಲ್ಲ. ರೆಸಾರ್ಟಿನ ಅಂಗಳದಲ್ಲಿ ಕೊಂಬೆಗಳು ಬಿದ್ದಿವೆ, ಕಟ್ಟಡಕ್ಕೆ ಏನೂ ಆಗಿಲ್ಲ. ಶುಕ್ರವಾರ ಪಾರ್ಕುಗಳು ತೆರೆಯುತ್ತವೆ, ಒರ್ಲ್ಯಾಂಡೊದಿಂದ ವಿಮಾನಗಳು ಮತ್ತೆ ಹಾರುತ್ತವೆ. ನಮ್ಮವರಿಗೆ ಸೀಟು ಸಿಕ್ಕಿದ್ದು ವಿಜಯದಶಮಿಯ ದಿನ. ಓಹೇರ್‌ನಲ್ಲಿ ಇಳಿದ ಮಾವ ಮೊದಲು ಕೇಳಿದ್ದು ಮೈಸೂರಿನ ಜಂಬೂಸವಾರಿ ಹೇಗಾಯಿತು ಎಂದು.

ಅಟ್ಲಾಂಟಿಕ್‌ನ ಚಂಡಮಾರುತ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಬೇಸಿಗೆ ರಜೆ, ಲೇಬರ್ ಡೇ, ದಸರಾ ಹೊತ್ತಿನ ರಜೆ ಎಲ್ಲವೂ ಅದರೊಳಗೇ ಬರುತ್ತವೆ. ಹೋಗಬೇಡಿ ಎಂದು ನಾನು ಹೇಳಲಾರೆ, ಹಿರಿಯರು ಇಲ್ಲಿರುವ ಕಾಲವೇ ಚಿಕ್ಕದು. ಹೊರಡುವ ಮುನ್ನ ಒಂದಷ್ಟನ್ನು ಕೇಳಿ ತಿಳಿದುಕೊಂಡಿರಿ: ಹೋಟೆಲು ಯಾವ ಕೌಂಟಿಯಲ್ಲಿದೆ, ತೆರವು ವಲಯದಲ್ಲಿದೆಯೇ, ಚಂಡಮಾರುತ ಬಂದರೆ ದುಡ್ಡು ಹಿಂದಿರುಗುತ್ತದೆಯೇ. ಒರ್ಲ್ಯಾಂಡೊ ತಲುಪಬೇಕಾದ ದಿನಕ್ಕೆ ಮುಂಚಿನ ಏಳು ದಿನದೊಳಗೆ ಅಲ್ಲಿಗೆ ಚಂಡಮಾರುತದ ಎಚ್ಚರಿಕೆ ಹೊರಟರೆ ಡಿಸ್ನಿ ತನ್ನ ಶುಲ್ಕ ಮುರಿದುಕೊಳ್ಳದೆ ಪ್ರವಾಸ ರದ್ದು ಮಾಡಲು ಬಿಡುತ್ತದೆ. ಹೊರಗಿನ ಹೋಟೆಲು, ವಿಮಾನದ ನಿಯಮ ಬೇರೆ. ಔಷಧಿ ಒಂದು ವಾರದ್ದು ಹೆಚ್ಚಿಗೆ ಇರಲಿ.

ದೂರದಲ್ಲಿ ಕೂತು ತಳಮಳಿಸುವ ನಾವೂ ಒಂದು ಕೆಲಸ ಮಾಡಬೇಕು. ಓಡಿಬನ್ನಿ ಎಂದು ಬರೆಯುವ ಮುಂಚೆ, ಅವರಿರುವ ಕೌಂಟಿ ಏನು ಹೇಳಿದೆ, ಮಿಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರದ ಕೊನೆಯ ಪ್ರಕಟಣೆಯಲ್ಲಿ ಏನಿದೆ ಎಂದು ಓದಬೇಕು. ನೀರು ಬರುವ ಕಡೆಯಿದ್ದರೆ ಅವರನ್ನು ಒಂದು ದಿನ ಮೊದಲೇ ಹೊರಡಿಸಬೇಕು. ಗಾಳಿ ಮಾತ್ರ ಬರುವ ಕಡೆಯಿದ್ದರೆ ಗಟ್ಟಿ ಗೋಡೆಯೊಳಗೆ ಕೂರಲು ಧೈರ್ಯ ಹೇಳಬೇಕು. ಹೊರಟವರಿಗೆ ದಾರಿ ಬಿಟ್ಟುಕೊಡುವುದೂ ಆ ಧೈರ್ಯದಲ್ಲೇ ಸೇರಿದೆ.