ಅಟ್ಟದ ಮೇಲಿನ ತೊಟ್ಟಿಲು

ಅಕ್ಕಲಕೋಟ ತಾಲ್ಲೂಕಿನ ನಮ್ಮ ಹನ್ನೂರಿಗೂ ಆಚೆಯ ಆಳಂದ ತಾಲ್ಲೂಕಿಗೂ ನಡುವೆ ಎರಡು ರಾಜ್ಯಗಳ ಗಡಿಯಿದೆ ಎಂಬುದು ನಮಗೆ ಮರೆತೇ ಹೋಗಿತ್ತು. ಆಡುವುದು ಒಂದೇ ಮಾತು, ಕೊಟ್ಟು ತರುವುದು ಎರಡೂ ಕಡೆ. ಮಗಳನ್ನು ಅತ್ತ ಕೊಟ್ಟಾಗ ಬುತ್ತಿ ಆರುವುದರೊಳಗೆ ಮುಟ್ಟುವ ದಾರಿಯೆಂದು ಹಿಗ್ಗಿದವರು ನಾವು. 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೊರೋನಾ ಸಾವು ಕಲಬುರಗಿಯಿಂದಲೇ ವರದಿಯಾಯಿತು. ತಿಂಗಳು ಮುಗಿಯುವುದರೊಳಗೆ ರಸ್ತೆಗೆ ಮುಳ್ಳುಕಂಟಿ ಬಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕಾದ ಮಗಳು ಅತ್ತೆಯ ಮನೆಯಲ್ಲಿಯೇ ಹೆತ್ತಳು. ತೊಳೆದು ಒಣಗಿಸಿಟ್ಟ ತೊಟ್ಟಿಲು ಮತ್ತೆ ಅಟ್ಟಕ್ಕೇರಿತು.

ಹೊರಗೆ ಹೋಗಲಾಗದ ಆ ದಿನಗಳಲ್ಲಿ ಕಿಟ್ಟೆಲ್ ಕೋಶವನ್ನು ಕೆಳಗಿಳಿಸಿ ಧೂಳು ಕೊಡವಿದೆವು. ಶಬ್ದ ಹುಡುಕಲು ಹೋದವರು ಆ ಮಹನೀಯರ ಮನೆಯ ಕಥೆಯನ್ನು ಹುಡುಕತೊಡಗಿದೆವು. ಬಾಸೆಲ್ ಮಿಷನ್ನಿನವರಾದ ಅವರು 1853ರಲ್ಲಿ ಕನ್ನಡ ನಾಡಿಗೆ ಬಂದುದು, ಸುಮಾರು 70,000 ಶಬ್ದಗಳ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದು ಎಲ್ಲರೂ ಬಲ್ಲ ಸಂಗತಿ. 1860ರಲ್ಲಿ ಅವರ ಕೈಹಿಡಿದ ಪೌಲಿನ್ ನಾಲ್ಕು ವರ್ಷಗಳಲ್ಲಿಯೇ ತೀರಿಕೊಂಡರೆಂಬುದನ್ನು, 1867ರಲ್ಲಿ ಪೌಲಿನ್ನರ ಸೋದರಿ ಜೂಲಿಯನ್ನು ಅವರು ವರಿಸಿದರೆಂಬುದನ್ನು ನಾವು ಯಾವ ಶಾಲೆಯಲ್ಲಿಯೂ ಕೇಳಿರಲಿಲ್ಲ. ಗತಿಸಿದ ಮಡದಿಯ ಒಡಹುಟ್ಟಿದವಳನ್ನೇ ಮನೆ ತುಂಬಿಸಿಕೊಳ್ಳುವ ರೂಢಿ ನಮ್ಮಲ್ಲಿಯೂ ಉಂಟಲ್ಲವೆ?

ಆ ಮಿಷನ್ನಿನ ಕಟ್ಟಳೆಗಳು ಬಿಗಿಯಾಗಿದ್ದವು. ಹೊಸದಾಗಿ ಬಂದ ಪಾದ್ರಿ ಬಾಸೆಲಿನ ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಒಪ್ಪಿಗೆ ಬಂದ ಮೇಲೆ ಹಡಗು ಹತ್ತಿ ಬಂದ ಕನ್ಯೆಯರಲ್ಲಿ ಕೆಲವರು ವರನ ಮುಖವನ್ನು ಸರಿಯಾಗಿ ಕಂಡುದು ಇಲ್ಲಿನ ಬಂದರಿನಲ್ಲಿಯೇ. ಇದಕ್ಕಿಂತ ಕಠಿಣವಾದುದು ಮಕ್ಕಳ ಮಾತು. ಇಲ್ಲಿನ ಜ್ವರ, ವಾಂತಿಭೇದಿಗಳ ಭಯ, ಅಲ್ಲಿನ ವಿದ್ಯಾಭ್ಯಾಸದ ಆಸೆ. ಎರಡೂ ಕೂಡಿ ಆರೇಳು ವರ್ಷದ ಕೂಸುಗಳನ್ನು ಯುರೋಪಿಗೆ ಕಳುಹಿಸುತ್ತಿದ್ದರು. ಅದಕ್ಕೆಂದೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ತೆರೆಯಿತು. ಮಲೆಯಾಳದ ಕೋಶಕಾರ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರ ಎಳೆಯ ವಯಸ್ಸಿನಲ್ಲಿ ಅವಳನ್ನು ಅಲ್ಲಿ ಬಿಟ್ಟು ತಂದೆತಾಯಿಗಳು ಇತ್ತ ಮರಳಿದರು. ಅವಳು ಮತ್ತೆ ಈ ನೆಲವನ್ನು ಮೆಟ್ಟಿದಾಗ 1857 ನಡೆದಿತ್ತು. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದವಳು ಅವಳೇ. ಈ ಸಾಲುಗಳನ್ನು ಓದಿದ ರಾತ್ರಿ ನಮ್ಮ ಮನೆಯಾಕೆ ಊಟ ಮಾಡಲಿಲ್ಲ.

ಅವರು ಬಂದುದು ಕೋಶ ಬರೆಯಲಿಕ್ಕಲ್ಲ, ಸಭೆ ಕಟ್ಟಲಿಕ್ಕೆ. ಅದನ್ನು ಮರೆಮಾಚುವುದು ಬೇಡ. ನಮ್ಮ ದೇವರುಗಳ ಬಗ್ಗೆ ಅವರು ಆಡಿದ ಕೆಲವು ಮಾತುಗಳು ನಮಗೆ ಈಗಲೂ ಹಿಡಿಸುವುದಿಲ್ಲ. ಸಭೆ ಸೇರಿದವರ ಪಾಡಾದರೂ ಸುಲಭವಿರಲಿಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು, ಹುಟ್ಟಿದ ಜಾತಿ ಅವರನ್ನು ಹೊರಗಿಟ್ಟಿತು. ಜಾತಿ ಹೋದರೆ ಕಸುಬೂ ಹೋಗುತ್ತಿದ್ದ ಕಾಲವದು. ಆದುದರಿಂದಲೇ ಪ್ರಾರ್ಥನೆಯ ಮಂದಿರದ ಜೊತೆಗೆ ನೇಯ್ಗೆಯ ಮಗ್ಗ, ಹಂಚಿನ ಕಾರ್ಖಾನೆ, ಅಚ್ಚುಕೂಟ ಬೆಳೆದವು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ತಮ್ಮ ದಾಯಾದಿ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆಯನ್ನು ಮದುವೆಯಾಗಿ ಕೊಡಗಿನಲ್ಲಿ ಹೊಸ ಸಭೆ ಕಟ್ಟುತ್ತಿದ್ದರು. 1860ರಲ್ಲಿ ಮಡದಿಯ ಆರೋಗ್ಯ ಕೆಟ್ಟುದರಿಂದ ಊರಿಗೆ ಹೊರಟವರು ತಿರುಗಿ ಬರಲಾಗಲಿಲ್ಲ. ಮನೆಯೋ ಸಭೆಯೋ ಎಂಬ ಪ್ರಶ್ನೆಯಲ್ಲಿ ಈ ಒಮ್ಮೆಯಾದರೂ ಮನೆ ಗೆದ್ದಿತು.

ನಮ್ಮ ಭಾಗದ ಹಿರಿಯರು ಬಲ್ಲ ಮಿಷನ್ನುಗಳು ಬೇರೆ: ಸೊಲ್ಲಾಪುರದ ಅಮೇರಿಕನ್ ಮರಾಠಿ ಮಿಷನ್, 1894ರಲ್ಲಿ ತೆರೆದ ಮಿರಜಿನ ವಾನ್ಲೆಸ್ ಡಾಕ್ಟರರ ದವಾಖಾನೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಸೊಲ್ಲಾಪುರಕ್ಕೂ ಹುಬ್ಬಳ್ಳಿಗೂ ಬಂದಾಗ ಜನ ಊರು ಬಿಟ್ಟು ಅಡವಿಯಲ್ಲಿ ಜೋಪಡಿ ಹಾಕಿದರು. ಬಳಿಕ 1914ರ ಯುದ್ಧ. ಜರ್ಮನ್ ಪಾದ್ರಿಗಳಲ್ಲಿ ಅನೇಕರನ್ನು ನಮ್ಮದೇ ಸೀಮೆಯ ಅಹಮದನಗರದ ಶಿಬಿರದಲ್ಲಿ ಸೆರೆಯಿಟ್ಟರು. ಹೆಂಡಿರು ಮಕ್ಕಳನ್ನು ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದರು. ದೇಶದಲ್ಲಿ ಕೋಟಿಗೂ ಮಿಕ್ಕಿ ಜೀವ ನುಂಗಿದ 1918ರ ಇನ್‌ಫ್ಲುಯೆಂಜಾ ಬಂದಾಗ ಬಾಸೆಲ್ ಸಭೆಗಳ ಬಹುಪಾಲು ಜರ್ಮನ್ ಬಂಗಲೆಗಳು ಬರಿದಾಗಿದ್ದವು. ರೋಗಿಯ ಹಾಸಿಗೆಯ ಬಳಿ ಕುಳಿತವರೂ ಹೆಣ ಮಣ್ಣು ಮಾಡಿದವರೂ ಇಲ್ಲಿಯ ಉಪದೇಶಿಗಳು, ಇಲ್ಲಿಯ ಸಭೆಯವರು. ಅವರ ಹೆಸರುಗಳನ್ನು ನಮ್ಮ ಪುಸ್ತಕಗಳು ಕಿಟ್ಟೆಲರ ಹೆಸರಿನಂತೆ ಕಾಪಾಡಲಿಲ್ಲ.

ಆ ವರ್ಷದ ದೀಪಾವಳಿಯ ಹೊತ್ತಿಗೆ ದಾರಿ ತೆರೆದಿತ್ತು. ಅಟ್ಟದ ತೊಟ್ಟಿಲನ್ನು ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಫೋನಿನಲ್ಲಿ ನಿತ್ಯ ನಮ್ಮನ್ನು ನೋಡಿ ನಗುತ್ತಿದ್ದ ಕೂಸು ಎದುರಿಗೆ ಕಂಡೊಡನೆ ಬೆದರಿ ಅಳತೊಡಗಿತು. ನಮ್ಮ ತೋಳಿಗೆ ಬರಲು ಅದಕ್ಕೆ ಎರಡು ದಿನ ಹಿಡಿಯಿತು. ತೊಟ್ಟಿಲು ಅದರ ಬೆಳವಣಿಗೆಗೆ ಆಗಲೇ ಕಿರಿದಾಗಿತ್ತು.